ಕುರ್ಚಿ ಸಿಕ್ಕರೆ ಸಾಲದು: ಆಫ್ರಿಕಾದ ಆರೋಗ್ಯ ಫೆಲೋಶಿಪ್‌ಗಳಿಂದ ಒಂಬತ್ತು ಸೂತ್ರಗಳು

ಮಲಾವಿಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಯ ಕುರ್ಚಿಯಲ್ಲಿ ಎಷ್ಟೋ ಸಲ ಕೂರುವವರು ಓದು ಮುಗಿಸಿ ಕೆಲವೇ ವರ್ಷಗಳಾದ ಯುವ ವೈದ್ಯರು. ಬಂದ ದಿನದಿಂದಲೇ ಆಸ್ಪತ್ರೆ, ಬಜೆಟ್, ಔಷಧದ ಉಗ್ರಾಣ, ಆಂಬುಲೆನ್ಸಿನ ಡೀಸೆಲ್, ಸಿಬ್ಬಂದಿಯ ರಜೆ ಎಲ್ಲವೂ ಅವರ ತಲೆಗೆ. ರೋಗ ಪತ್ತೆಹಚ್ಚಲು ಕಲಿಸಿದ ಕಾಲೇಜು ಇದ್ಯಾವುದನ್ನೂ ಕಲಿಸಿರುವುದಿಲ್ಲ.

ಈ ಕೊರತೆ ನೀಗಿಸಲೆಂದೇ ಆಫ್ರಿಕಾದಲ್ಲಿ ನಾಯಕತ್ವದ ಫೆಲೋಶಿಪ್‌ಗಳು ಹುಟ್ಟಿಕೊಂಡಿವೆ. ನೈರೋಬಿ, ಮಕೆರೆರೆ, ಮುಹಿಂಬಿಲಿ, ಬೋಟ್ಸ್ವಾನಾ ವಿಶ್ವವಿದ್ಯಾಲಯಗಳು ಅಮೆರಿಕದ ವಿಶ್ವವಿದ್ಯಾಲಯಗಳೊಡನೆ ಕೂಡಿ ಕಟ್ಟಿದ ‘ಅಫ್ಯಾ ಬೋರಾ’ ಅಂಥದ್ದೊಂದು. ಆಫ್ರಿಕಾ ಒಕ್ಕೂಟದ ರೋಗ ನಿಯಂತ್ರಣ ಸಂಸ್ಥೆಯಾದ ‘ಆಫ್ರಿಕಾ ಸಿಡಿಸಿ’ 2020ರಲ್ಲಿ ಕೋಫಿ ಅನ್ನಾನ್ ಹೆಸರಿನಲ್ಲಿ ಶುರುಮಾಡಿದ ಕಾರ್ಯಕ್ರಮ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯ 2006ರ ವರದಿಯ ಪ್ರಕಾರ ಜಗತ್ತಿನ ರೋಗಭಾರದಲ್ಲಿ ಶೇ. 24ರಷ್ಟು ಆಫ್ರಿಕಾ ವಲಯದ ಪಾಲು. ಆರೋಗ್ಯ ಸಿಬ್ಬಂದಿಯಲ್ಲಿ ಶೇ. 3 ಮಾತ್ರ. ಕೈಗಳು ಇಷ್ಟು ಕಡಿಮೆ ಇರುವಲ್ಲಿ ಅವನ್ನು ನಡೆಸುವವರು ಎಡವುವಂತಿಲ್ಲ. ಇಂಥ ತರಬೇತಿಗೆ ಹೋಗುವವರೂ ಅದನ್ನು ಕಟ್ಟುವವರೂ ಗಮನಿಸಬೇಕಾದ ಸೂತ್ರಗಳು ಇಲ್ಲಿವೆ.

1. ಅರ್ಜಿಯಲ್ಲಿ ಆಸೆ ಬರೆಯಬೇಡಿ, ಸಮಸ್ಯೆ ಬರೆಯಿರಿ

‘ಒಳ್ಳೆಯ ನಾಯಕಿಯಾಗಬೇಕೆಂದಿದ್ದೇನೆ’ ಎಂಬ ಅರ್ಜಿಗಳು ರಾಶಿ ರಾಶಿ ಬರುತ್ತವೆ. ‘ನಮ್ಮ ಹೆರಿಗೆ ವಾರ್ಡಿನಲ್ಲಿ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಪದೇಪದೇ ಖಾಲಿಯಾಗುತ್ತದೆ, ಏಕೆಂದು ಕಂಡುಹಿಡಿದು ಸರಿಪಡಿಸಬೇಕು’ ಎಂಬ ಅರ್ಜಿ ಅಪರೂಪ. ಆಯ್ಕೆ ಸಮಿತಿ ಎರಡನೆಯದರ ಬಳಿ ನಿಲ್ಲುತ್ತದೆ.

2. ಒಂದು ಕಾರ್ಡಿನ ಬೆನ್ನುಹತ್ತಿ

ಎಚ್‌ಐವಿ ಇರುವ ತಾಯಿಗೆ ಹುಟ್ಟಿದ ಮಗುವಿಗೆ ಆರನೇ ವಾರದ ಹೊತ್ತಿಗೆ ಪರೀಕ್ಷೆ ಆಗಬೇಕು. ನರ್ಸ್ ಮಗುವಿನ ಹಿಮ್ಮಡಿ ಚುಚ್ಚಿ, ಫಿಲ್ಟರ್ ಪೇಪರಿನ ಕಾರ್ಡಿನಲ್ಲಿ ಗುರುತು ಮಾಡಿದ ವೃತ್ತಗಳಿಗೆ ರಕ್ತದ ಹನಿ ಇಳಿಸಿ, ಒಣಗಿಸಿ, ಲಕೋಟೆಗೆ ಹಾಕುತ್ತಾರೆ. ಕಷ್ಟ ಶುರುವಾಗುವುದು ಆಮೇಲೆ. ಲಕೋಟೆ ಆರೋಗ್ಯ ಕೇಂದ್ರದ ಡ್ರಾಯರಿನಲ್ಲಿ ವಾಹನಕ್ಕಾಗಿ ಕಾಯುತ್ತದೆ. ಜಿಲ್ಲಾಸ್ಪತ್ರೆಯಲ್ಲಿ ಇನ್ನಷ್ಟು ಲಕೋಟೆಗಳು ಸೇರಲೆಂದು ಕಾಯುತ್ತದೆ. ಲ್ಯಾಬಿನಲ್ಲಿ ಸರದಿಗೆ ಕಾಯುತ್ತದೆ. ವರದಿ ವಾಪಸು ಬರುವ ಹೊತ್ತಿಗೆ ತಾಯಿ ಬೇರೆ ಊರು ಸೇರಿರಬಹುದು. ಚಿಕಿತ್ಸೆ ಸಿಗದ ಸೋಂಕಿತ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಎರಡು ವರ್ಷ ತುಂಬುವ ಮೊದಲೇ ಸಾಯುತ್ತವೆ.

ಹಾಗಾಗಿ ಒಂದು ಲಕೋಟೆಯ ಜೊತೆ ನೀವೇ ಹೊರಡಿ. ಅದು ನಿಂತಲ್ಲೆಲ್ಲ ತಾರೀಕು ಬರೆದುಕೊಳ್ಳಿ. ಹೆಚ್ಚು ದಿನ ಎಲ್ಲಿ ಕಳೆಯಿತೋ ಅಲ್ಲೇ ನಿಮ್ಮ ಪ್ರಾಜೆಕ್ಟ್ ಇದೆ. ಉಗಾಂಡಾ ಈ ಗಂಟು ಬಿಡಿಸಿದ್ದು ಹೀಗೆ: ಸುತ್ತಲಿನ ಆರೋಗ್ಯ ಕೇಂದ್ರಗಳಿಗೆಲ್ಲ ಒಂದು ‘ಹಬ್’, ಅಲ್ಲೊಂದು ಮೋಟಾರ್‌ಬೈಕ್, ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ದಾರಿ. ಬೈಕಿನಷ್ಟೇ ಮುಖ್ಯ ಅದರ ವೇಳಾಪಟ್ಟಿ.

3. ತರಗತಿ ಕಡಿಮೆ, ಫೀಲ್ಡ್ ಹೆಚ್ಚು

ಹೋಟೆಲಿನ ಸಭಾಂಗಣದಲ್ಲಿ ಮೂರು ದಿನ ಸ್ಲೈಡ್ ತೋರಿಸಿ ಸರ್ಟಿಫಿಕೇಟ್ ಕೊಡುವ ತರಬೇತಿಗಳಿಗೆ ಆಫ್ರಿಕಾದಲ್ಲೂ ಬರವಿಲ್ಲ. ಸಾಂಕ್ರಾಮಿಕ ರೋಗಗಳ ಜಾಡು ಹಿಡಿಯುವವರನ್ನು ತಯಾರು ಮಾಡುವ ಎರಡು ವರ್ಷದ ಫೀಲ್ಡ್ ಎಪಿಡೆಮಿಯಾಲಜಿ ಕಾರ್ಯಕ್ರಮಗಳ ದಾರಿಯೇ ಬೇರೆ: ಸುಮಾರು ಮುಕ್ಕಾಲು ಪಾಲು ಸಮಯ ಫೀಲ್ಡಿನಲ್ಲೇ ಕಳೆಯುತ್ತದೆ. ಈ ಕಾರ್ಯಕ್ರಮಗಳನ್ನು ಒಂದು ಜಾಲಕ್ಕೆ ತಂದ ‘ಆಫೆನೆಟ್’ 2005ರಿಂದ ಕಂಪಾಲಾದಲ್ಲಿದೆ. ಸೇರುವ ಮುಂಚೆ ಎರಡು ಪ್ರಶ್ನೆ ಕೇಳಿ: ಫೀಲ್ಡಿನಲ್ಲಿ ಎಷ್ಟು ತಿಂಗಳು? ಅಲ್ಲಿ ನನ್ನ ಕೆಲಸ ತಿದ್ದುವವರು ಯಾರು?

4. ಡಾಕ್ಟರುಗಳ ಕೂಟ ಮಾಡಬೇಡಿ

ಮೊಜಾಂಬಿಕ್‌ನ ಗ್ರಾಮೀಣ ಆಸ್ಪತ್ರೆಗಳಲ್ಲಿ ಬಹುಪಾಲು ಸಿಸೇರಿಯನ್ ಮಾಡುತ್ತ ಬಂದವರು ಎಂಬಿಬಿಎಸ್ ಓದಿದವರಲ್ಲ, ಶಸ್ತ್ರಚಿಕಿತ್ಸೆಗೆಂದೇ ತರಬೇತಾದ ತಂತ್ರಜ್ಞರು. ಮಲಾವಿ, ಟಾಂಜಾನಿಯಾಗಳಲ್ಲಿ ವೈದ್ಯ ಪದವಿಯಿಲ್ಲದೆ ಚಿಕಿತ್ಸೆ ಕೊಡಲು ತರಬೇತಾದ ಕ್ಲಿನಿಕಲ್ ಆಫೀಸರುಗಳಿಲ್ಲದೆ ಜಿಲ್ಲಾಸ್ಪತ್ರೆ ನಡೆಯದು. ನಾಯಕತ್ವದ ಪಾಠಕ್ಕೆ ಮಾತ್ರ ವೈದ್ಯರನ್ನಷ್ಟೇ ಕರೆದರೆ ಅದು ಅರ್ಧ ಪಾಠ. ಅಫ್ಯಾ ಬೋರಾ ವೈದ್ಯರ ಪಕ್ಕದಲ್ಲೇ ನರ್ಸುಗಳನ್ನೂ ಕೂರಿಸಿದ್ದು ಇದಕ್ಕೇ.

ಇನ್ನೊಂದು ಲೆಕ್ಕವಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ ಜಗತ್ತಿನ ಆರೋಗ್ಯ ಸಿಬ್ಬಂದಿಯಲ್ಲಿ ಸುಮಾರು ಶೇ. 70 ಮಹಿಳೆಯರು; ಹಿರಿಯ ಹುದ್ದೆಗಳಲ್ಲಿ ಸುಮಾರು ಶೇ. 25. ಬೋಟ್ಸ್ವಾನಾದ ಡಾ. ಮತ್ಶಿದಿಸೊ ಮೊಯೆತಿ 2015ರಲ್ಲಿ ಆ ಸಂಸ್ಥೆಯ ಆಫ್ರಿಕಾ ವಲಯದ ಮುಖ್ಯಸ್ಥೆಯಾದಾಗ ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರೇ.

5. ಗುರಿಯನ್ನು ಅಂಕಿಯಲ್ಲಿ ಬರೆದು ಸಹಿ ಹಾಕಿ

ರುವಾಂಡಾದಲ್ಲಿ 2006ರಿಂದ ಜಿಲ್ಲೆಗಳ ಮೇಯರುಗಳು ‘ಇಮಿಹಿಗೊ’ ಎಂಬ ಒಪ್ಪಂದಕ್ಕೆ ದೇಶದ ಅಧ್ಯಕ್ಷರ ಎದುರು ಸಹಿ ಹಾಕುತ್ತಾರೆ. ವರ್ಷದೊಳಗೆ ಏನೇನು ಮಾಡುತ್ತೇವೆ ಎಂಬುದು ಅದರಲ್ಲಿ ಅಳೆಯಬಹುದಾದ ಗುರಿಗಳಾಗಿ ಇರುತ್ತದೆ. ಆರೋಗ್ಯ ವಿಮೆಯ ವ್ಯಾಪ್ತಿಯೂ ಸೇರಿರುತ್ತದೆ. ನಿಮ್ಮ ಫೆಲೋಶಿಪ್‌ಗೂ ಅಂಥ ಒಂದು ಹಾಳೆ ಇರಲಿ. ‘ಸೇವೆ ಸುಧಾರಿಸುವುದು’ ಎಂದು ಬರೆದರೆ ವರ್ಷದ ಕೊನೆಗೆ ಯಾರೂ ಲೆಕ್ಕ ಕೇಳುವಂತಿಲ್ಲ. ‘ಲಸಿಕೆ ತಪ್ಪಿಸಿಕೊಂಡ ಮಕ್ಕಳನ್ನು ಅರ್ಧಕ್ಕಿಳಿಸುವುದು’ ಎಂದರೆ ಕೇಳಿಯೇ ಕೇಳುತ್ತಾರೆ.

6. ಹಣಕಾಸಿನವರ ಮಾತು ಕಲಿಯಿರಿ

2001ರಲ್ಲಿ ಅಬುಜಾದಲ್ಲಿ ಸೇರಿದ ಆಫ್ರಿಕಾದ ಸರ್ಕಾರಗಳು ಬಜೆಟ್ಟಿನ ಕನಿಷ್ಠ ಶೇ. 15ನ್ನು ಆರೋಗ್ಯಕ್ಕೆ ಕೊಡುವುದಾಗಿ ಮಾತು ಕೊಟ್ಟವು. ಮಾತು ಉಳಿಸಿಕೊಂಡ ದೇಶಗಳು ಬೆರಳೆಣಿಕೆಯಷ್ಟು. ಕಡತ ಹಿಡಿದ ಹಣಕಾಸು ಅಧಿಕಾರಿಗೆ ಕರುಣೆಯ ಕಥೆ ಹೇಳಿ ಫಲವಿಲ್ಲ. ಇಷ್ಟು ಖರ್ಚಾದರೆ ಇಷ್ಟು ಉಳಿತಾಯ ಎಂದು ಒಂದೇ ಪುಟದಲ್ಲಿ ತೋರಿಸಿ.

7. ‘ಆಗದು’ ಎನ್ನುವ ಗಟ್ಟಿತನ ಬೆಳೆಸಿಕೊಳ್ಳಿ

2014ರ ಜುಲೈ 20ರಂದು ಲೈಬೀರಿಯಾದಿಂದ ಲಾಗೋಸ್‌ಗೆ ಬಂದ ಅಧಿಕಾರಿಯೊಬ್ಬರು ವಿಮಾನ ನಿಲ್ದಾಣದಲ್ಲೇ ಕುಸಿದರು. ಮೊದಲು ಮಲೇರಿಯಾ ಎಂದುಕೊಂಡರು. ಖಾಸಗಿ ಆಸ್ಪತ್ರೆಯ ಡಾ. ಅಮೆಯೊ ಸ್ಟೆಲ್ಲಾ ಅದಾದೆವೊ ಅವರಿಗೆ ಎಬೋಲಾ ಎಂಬ ಗುಮಾನಿ ಬಂತು. ರೋಗಿ ಸಭೆಗೆ ಹೋಗಬೇಕಿದೆ, ಬಿಟ್ಟುಬಿಡಿ ಎಂದು ಅವರ ದೇಶದ ಅಧಿಕಾರಿಗಳಿಂದ ಒತ್ತಡ ಬಂತು. ಆಕೆ ಬಿಡಲಿಲ್ಲ. ಸೋಂಕು ಅವರಿಗೂ ತಗುಲಿ ಆಗಸ್ಟ್ 19ರಂದು ತೀರಿಕೊಂಡರು. ಬಿಟ್ಟಿದ್ದರೆ ಎಬೋಲಾ ಕೋಟಿಗಟ್ಟಲೆ ಜನರಿರುವ ಲಾಗೋಸ್‌ನ ಬೀದಿಗಿಳಿಯುತ್ತಿತ್ತು. ಒತ್ತಡದ ಫೋನ್ ಬಂದಾಗ ಏನು ಹೇಳಬೇಕು, ಯಾವ ನಿಯಮ ತೋರಿಸಬೇಕು, ಯಾರಿಗೆ ತಿಳಿಸಬೇಕು ಎಂಬುದನ್ನು ತರಬೇತಿಯಲ್ಲೇ ಅಭ್ಯಾಸ ಮಾಡಿಸಬೇಕು.

8. ಬೆಂಕಿ ಬೀಳುವ ಮುಂಚೆ ತಂಡ ಕಟ್ಟಿ

ಲಾಗೋಸ್‌ಗೆ ಎಬೋಲಾ ಬಂದಾಗ ನೈಜೀರಿಯಾ ಹೊಸ ತಂಡ ಹುಡುಕುತ್ತ ಕೂರಲಿಲ್ಲ. ಪೋಲಿಯೊ ಓಡಿಸಲೆಂದು ಕಟ್ಟಿದ್ದ ತುರ್ತು ಕಾರ್ಯಾಚರಣೆ ಕೇಂದ್ರದ ಅನುಭವವನ್ನೂ ಜನರನ್ನೂ ಎಬೋಲಾದತ್ತ ತಿರುಗಿಸಿತು. ಫೀಲ್ಡ್ ಎಪಿಡೆಮಿಯಾಲಜಿ ಕಲಿತವರು ಮನೆಮನೆಗೆ ಹೊರಟರು. ಸಂಪರ್ಕಕ್ಕೆ ಬಂದಿದ್ದ 894 ಜನರನ್ನು ಗುರುತಿಸಿ, ಸುಮಾರು 18,500 ಸಲ ಮುಖತಃ ಭೇಟಿಯಾಗಿ ಜ್ವರ ವಿಚಾರಿಸಿದರು. ಒಟ್ಟು 20 ಪ್ರಕರಣ, 8 ಸಾವಿಗೆ ರೋಗ ನಿಂತಿತು. ಅಕ್ಟೋಬರ್ 20ರಂದು ದೇಶ ಎಬೋಲಾಮುಕ್ತ ಎಂಬ ಘೋಷಣೆಯಾಯಿತು. ನಿಮ್ಮ ಬ್ಯಾಚಿನವರ ನಂಬರುಗಳು ಫೋನಿನಲ್ಲಿದ್ದರೆ ಸಾಲದು, ನಡುರಾತ್ರಿ ಕರೆದರೂ ಎತ್ತುವಷ್ಟು ಸಲಿಗೆ ಇರಬೇಕು.

9. ಹೊರಡುವ ಮುಂಚೆ ಮರಳುವ ಜಾಗ ಗೊತ್ತುಮಾಡಿ

ಫೆಲೋಶಿಪ್ ಮುಗಿಸಿ ಬಂದವರಿಗೆ ಹಳೆಯ ಮೇಜು, ಹಳೆಯ ಕೆಲಸ, ಹೊಸ ಮೇಲಧಿಕಾರಿ. ಕಲಿತದ್ದನ್ನು ಬಳಸಲು ಅವಕಾಶವಿಲ್ಲದಿದ್ದರೆ ಮುಂದಿನ ವಿಮಾನ ಲಂಡನ್ನಿಗೆ. ಆದ್ದರಿಂದ ಮರಳಿದ ಮೇಲಿನ ಹುದ್ದೆ, ಅಧಿಕಾರ, ಪ್ರಾಜೆಕ್ಟಿಗೆ ಹಣ, ಈ ಮೂರನ್ನೂ ಇಲಾಖೆಯಿಂದ ಬರಹದಲ್ಲಿ ಪಡೆದುಕೊಂಡೇ ಹೊರಡಿ. ದೇಣಿಗೆ ನೆಚ್ಚಿಕೊಂಡು ಯೋಜನೆ ಹಾಕಬೇಡಿ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿದಾಗ ಆಫ್ರಿಕಾದ ಎಷ್ಟೋ ಆರೋಗ್ಯ ಯೋಜನೆಗಳು ರಾತ್ರೋರಾತ್ರಿ ನಿಂತವು. ಸ್ಥಳೀಯ ಬಜೆಟ್ಟಿನಲ್ಲಿ ಒಂದು ಸಾಲಾದರೂ ನಿಮ್ಮ ಕೆಲಸಕ್ಕಿರಲಿ.

ಕಲಿತದ್ದು ಕೈಹಿಡಿದಿದೆಯೇ ಎಂದು ನೋಡಲು ವರ್ಷವಾದ ಮೇಲೆ ಒಂದು ವಾರ ರಜೆ ಹಾಕಿ. ಬಂದಾಗ ಔಷಧದ ಇಂಡೆಂಟ್ ಹೋಗಿದ್ದು, ಸೋಮವಾರದ ಸಭೆ ನಡೆದಿದ್ದು, ರಿಜಿಸ್ಟರ್ ತುಂಬಿದ್ದರೆ ನೀವು ಪಾಸು. ಇಲ್ಲವಾದರೆ ಇನ್ನೊಂದು ಫೆಲೋಶಿಪ್‌ಗೆ ಅರ್ಜಿ ಹಾಕುವ ಮೊದಲು ನಿಮ್ಮ ಕೈಕೆಳಗಿನ ಒಬ್ಬರಿಗೆ ಆ ಕೆಲಸ ಕಲಿಸಿ.