ಐದು ಸಾವಿರ ವರ್ಷಗಳ ಹಿಂದಿನ ಒಂದು ಅಂಗಿ

ಹೊಲಿಗೆಯ ತರಗತಿಯಲ್ಲಿ ನಮ್ಮ ವಿದ್ಯಾರ್ಥಿನಿಯರು ನಿರಿಗೆ ಹಿಡಿಯುವುದನ್ನು ಅಭ್ಯಾಸ ಮಾಡುತ್ತಿರುವಾಗ, ಈ ಕೆಲಸವನ್ನು ಮೊದಲು ಕಂಡುಹಿಡಿದವರು ಯಾರೆಂದು ಬೇಸರದಿಂದ ಕೇಳುವುದುಂಟು. ಕಂಡುಹಿಡಿದವರ ಹೆಸರನ್ನು ಯಾರೂ ಹೇಳಲಾರರು. ಆದರೆ ನಿರಿಗೆ ಹಿಡಿದು, ತೋಳು ಕೂಡಿಸಿ, ಕತ್ತಿನ ಬಳಿ ಮೊನೆಯಾಗಿ ಇಳಿಸಿ ಹೊಲಿದ ಒಂದು ಅಂಗಿಯು ಐದು ಸಾವಿರ ವರ್ಷಗಳಿಂದ ಉಳಿದುಬಂದಿದೆ. ಅದು ಐಗುಪ್ತ ದೇಶದ್ದು; ಈಗ ಲಂಡನ್ ನಗರದ ಯೂನಿವರ್ಸಿಟಿ ಕಾಲೇಜಿಗೆ ಸೇರಿದ ಪೆಟ್ರಿ ವಸ್ತುಸಂಗ್ರಹಾಲಯದಲ್ಲಿದೆ. ನೆಯ್ದ ಬಟ್ಟೆಯಿಂದ ಮಾಡಿದ ಉಡುಪುಗಳಲ್ಲಿ ಇದುವರೆಗೆ ದೊರೆತಿರುವುವುಗಳೊಳಗೆ ಇದೇ ಅತಿ ಪುರಾತನವಾದುದೆಂದು ವಿದ್ವಾಂಸರು ಎಣಿಸುತ್ತಾರೆ.

ಅಂಗಿಯ ಬಟ್ಟೆ ನಾರುಮಡಿ. ಫರೋಹನು ಯೋಸೇಫನಿಗೆ ನಯವಾದ ನಾರುಮಡಿಯ ವಸ್ತ್ರವನ್ನು ತೊಡಿಸಿದನೆಂದು ಸತ್ಯವೇದದಲ್ಲಿ ಓದಿರುವ ನಮ್ಮ ಹುಡುಗಿಯರಲ್ಲಿ ಅನೇಕರು ಅದನ್ನು ಯಾವುದೋ ರೇಷ್ಮೆಯೆಂದು ಭಾವಿಸಿರುವರು. ಅದು ಅಗಸೆಯ ಗಿಡದ ಕಾಂಡದಿಂದ ತೆಗೆದ ನಾರು. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಬೀಜವನ್ನು ಹುರಿದು ಚಟ್ನಿಪುಡಿ ಮಾಡುವ ಅದೇ ಅಗಸೆ. ಐಗುಪ್ತದವರು ಗಿಡವನ್ನು ಬೇರುಸಹಿತ ಕಿತ್ತು, ನೀರಿನಲ್ಲಿ ನೆನೆಯಿಟ್ಟು ಕೊಳೆಯಿಸಿ, ಒಣಗಿಸಿ, ಬಡಿದು, ನಾರನ್ನು ಬೇರ್ಪಡಿಸಿ ನೂಲುತ್ತಿದ್ದರು.

1913ನೆಯ ಇಸವಿಯಲ್ಲಿ ಫ್ಲಿಂಡರ್ಸ್ ಪೆಟ್ರಿ ಎಂಬ ಪ್ರಾಚೀನಶೋಧಕರು ಕೈರೋ ಪಟ್ಟಣಕ್ಕೆ ದಕ್ಷಿಣದಲ್ಲಿ ಸುಮಾರು 30 ಮೈಲಿ ದೂರದ ತರ್ಖಾನ್ ಎಂಬಲ್ಲಿ ಹಳೆಯ ಸಮಾಧಿಗಳನ್ನು ಅಗೆಯಿಸುತ್ತಿದ್ದರು. ಅವುಗಳಲ್ಲೊಂದು ಬಹು ಹಿಂದೆಯೇ ಕಳ್ಳರ ಕೈಗೆ ಸಿಕ್ಕಿತ್ತು. ಬೆಲೆಬಾಳುವುದನ್ನು ಹುಡುಕಿದ ಕಳ್ಳರು ಬಟ್ಟೆಗಳನ್ನು ಬೇಡವೆಂದು ಹೊರಕ್ಕೆ ಎಸೆದಿದ್ದರು. ಮರಳು ಮೆತ್ತಿ ಬಣ್ಣಗೆಟ್ಟಿದ್ದ ಆ ಚಿಂದಿಯ ರಾಶಿಯನ್ನು ಪೆಟ್ರಿಯವರು ಬಿಟ್ಟುಬರಲಿಲ್ಲ, ಲಂಡನ್ನಿಗೆ ಸಾಗಿಸಿದರು. ಅಲ್ಲಿ ಅದು ಗಂಟಾಗಿಯೇ ಉಳಿಯಿತು. ಪೆಟ್ರಿಯವರು 1942ರಲ್ಲಿ ತೀರಿಕೊಂಡರು. ತಾವು ತಂದುದು ಏನೆಂಬುದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. 1977ರಲ್ಲಿ ಅದೇ ನಗರದ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಬಟ್ಟೆ ಸಂರಕ್ಷಕರು ಆ ರಾಶಿಯನ್ನು ಶುಚಿಗೊಳಿಸಲೆಂದು ಬಿಡಿಸುತ್ತಿದ್ದಾಗ ಈ ಅಂಗಿಯು ಕಾಣಿಸಿಕೊಂಡಿತು. ತಂದು ಅರುವತ್ತನಾಲ್ಕು ವರ್ಷಗಳಾಗಿದ್ದುವು!

ಅದನ್ನು ಸ್ವಲ್ಪ ಗಮನಿಸಿ ನೋಡೋಣ. ಬಟ್ಟೆಯಲ್ಲಿ ಬಣ್ಣ ಹಾಕದ, ನೂಲಿನ ಸಹಜವಾದ ತೆಳು ಬೂದುಬಣ್ಣದ ಪಟ್ಟೆಯುಂಟು. ತೋಳುಗಳಲ್ಲಿಯೂ ಎದೆಯ ಭಾಗದಲ್ಲಿಯೂ ಚೂರಿಯ ಅಲುಗಿನಂತೆ ಒತ್ತೊತ್ತಾಗಿ ಹಿಡಿದ ಸಣ್ಣ ನಿರಿಗೆಗಳಿವೆ. ಕೆಳಗಿನ ಭಾಗ ಹರಿದುಹೋಗಿರುವುದರಿಂದ ಮೊಣಕಾಲಿನವರೆಗೆ ಇತ್ತೋ ಪಾದದವರೆಗೆ ಇತ್ತೋ ಹೇಳುವಂತಿಲ್ಲ. ಅಳತೆಯನ್ನು ನೋಡಿದರೆ ಹದಿಮೂರು ಹದಿನಾಲ್ಕು ವರ್ಷದ ಬಾಲೆಗೋ, ಸಣಕಲು ಮೈಯ ಸ್ತ್ರೀಗೋ ಸರಿಹೋಗುವಂತಿದೆ. ಗಂಟು ಬಿಚ್ಚಿದಾಗ ಅಂಗಿಯು ಒಳಮಗ್ಗುಲು ಹೊರಗಾಗಿ ತಿರುಗಿತ್ತು. ನಾವು ತಲೆಯ ಮೇಲಿನಿಂದ ಎಳೆದು ತೆಗೆದಾಗ ಆಗುವಂತೆಯೇ. ಮೊಣಕೈಯ ಬಳಿಯಲ್ಲಿಯೂ ಕಂಕುಳಿನಲ್ಲಿಯೂ ಸುಕ್ಕುಗಳು ಬಿದ್ದಿವೆ. ಸತ್ತವರಿಗಾಗಿ ಹೊಸದಾಗಿ ಮಾಡಿ ಸಮಾಧಿಯಲ್ಲಿಟ್ಟ ಬಟ್ಟೆಗೆ ಅಂಥ ಸುಕ್ಕು ಬೀಳುವುದಿಲ್ಲ. ಯಾರೋ ಒಬ್ಬಳು ಅದನ್ನು ತೊಟ್ಟು, ಕೈಮಡಿಸಿ ಕೆಲಸಮಾಡಿ, ತೆಗೆದಿಟ್ಟಿದ್ದಾಳೆ.

ಇಲ್ಲಿ ನಾವು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಅಜ್ಜಿಯವರ ಕುಪ್ಪಸವೊಂದು ನಮ್ಮ ಪೆಟ್ಟಿಗೆಯಲ್ಲಿತ್ತು. ಉಪಾಧ್ಯಾಯಿನಿಯಾದ ಮೊದಲ ವರ್ಷದಲ್ಲಿ, ತರಗತಿಗೆ ತೋರಿಸಬೇಕೆಂಬ ಉತ್ಸಾಹದಿಂದ ಅದನ್ನು ಸಾಬೂನಿನಿಂದ ಒಗೆದು, ಗಂಜಿ ಹಾಕಿ, ಬಿಸಿಲಿಗೆ ಹರವಿ ಇಸ್ತ್ರಿ ಮಾಡಿದೆವು. ತೋಳಿನ ಅಂಚು ಕೈಯಲ್ಲೇ ಕಿತ್ತುಬಂದಿತು. ಅದಕ್ಕಿಂತಲೂ ಹೆಚ್ಚಿನ ನಷ್ಟವು ಅನಂತರ ಹೊಳೆಯಿತು: ಅವರು ಬೀಸುವಕಲ್ಲಿನ ಮುಂದೆ ಕುಳಿತು ಬಲಗೈ ಮಡಿಸಿ ಚಾಚಿ ಮಾಡುತ್ತಿದ್ದಾಗ ಬಿದ್ದಿದ್ದ ಸುಕ್ಕುಗಳೂ, ಬೆವರಿನ ಕರೆಯೂ ಹೋಗಿದ್ದುವು. ಉಳಿದದ್ದು ಯಾರದೂ ಆಗಬಹುದಾದ ಒಂದು ಕುಪ್ಪಸ. ಬಿಳಿಯ ಸಮವಸ್ತ್ರದಲ್ಲಿ ಒಂದು ಕಲೆಯಿದ್ದರೂ ಹುಡುಗಿಯರನ್ನು ಗದರಿಸುವ ನಾವು ಇದನ್ನು ಬರೆಯಲು ಸಂಕೋಚಪಡುತ್ತೇವೆ. ಆದರೂ ತೊಡುವ ಬಟ್ಟೆಯ ನೀತಿ ಬೇರೆ, ಕಾಪಾಡುವ ಬಟ್ಟೆಯ ನೀತಿ ಬೇರೆ.

ತರ್ಖಾನಿನ ಅಂಗಿಯನ್ನು ಕೈಗೆತ್ತಿಕೊಂಡವರು ತಾಳ್ಮೆಯುಳ್ಳವರು. ತನ್ನ ಭಾರವನ್ನು ತಾನೇ ತಾಳಲಾರದ ಆ ಬಟ್ಟೆಯನ್ನು ಕ್ರೆಪೆಲಿನ್ ಎಂಬ ಅತಿ ತೆಳುವಾದ ರೇಷ್ಮೆಯ ಮೇಲೆ ಹೊಲಿದು ಆಧಾರ ಕೊಟ್ಟು, ಮೈಮೇಲೆ ತೊಟ್ಟಾಗ ಕಾಣುವ ರೀತಿಯಲ್ಲಿಯೇ ನಿಲ್ಲಿಸಿದರು. ಮೊಣಕೈಯ ಸುಕ್ಕು ಇಂದಿಗೂ ಇದೆ.

ಅದರ ವಯಸ್ಸನ್ನು ತಿಳಿದ ಬಗೆಯೂ ಸ್ವಾರಸ್ಯವಾಗಿದೆ. ಗಿಡವು ಬದುಕಿರುವಾಗ ಗಾಳಿಯಿಂದ ಇಂಗಾಲವನ್ನು ಹೀರುತ್ತದೆ. ಅದರಲ್ಲಿ ಅತ್ಯಲ್ಪಾಂಶವು ತಾನಾಗಿ ಕ್ಷಯಿಸುವ ಜಾತಿಯದು. ಗಿಡವನ್ನು ಕಿತ್ತಮೇಲೆ ಈ ಅಂಶವು ಸುಮಾರು 5,700 ವರ್ಷಗಳಿಗೆ ಅರ್ಧದಂತೆ ಕಡಿಮೆಯಾಗುತ್ತದೆ. ಉಳಿದುದನ್ನು ಅಳೆದರೆ ಅಗಸೆಯನ್ನು ಕಿತ್ತ ಕಾಲವು ಗೊತ್ತಾಗುವುದು. ಮೊದಲು ಈ ಪರೀಕ್ಷೆಗೆ ಬಟ್ಟೆಯ ದೊಡ್ಡ ತುಂಡೇ ಬೇಕಾಗಿತ್ತು. 2015ರಲ್ಲಿ ಅಂಗಿಯಿಂದ ತೆಗೆದುದು ಎರಡೂ ಕಾಲು ಮಿಲಿಗ್ರಾಮಿನಷ್ಟು ನೂಲು ಮಾತ್ರ. ಕ್ರಿಸ್ತಪೂರ್ವ 3482ಕ್ಕೂ 3102ಕ್ಕೂ ನಡುವಿನದೆಂದು ನೂರಕ್ಕೆ ತೊಂಬತ್ತೈದರಷ್ಟು ನಿಶ್ಚಯದಿಂದ ಹೇಳಲು ಅಷ್ಟೇ ಸಾಕಾಯಿತು.

ಉಳಿದ ಬಟ್ಟೆಯನ್ನು ಕಾಪಾಡುವುದು ಒಂದು ಕೆಲಸ. ಅಳಿದುಹೋದುದನ್ನು ಪುನಃ ರಚಿಸುವುದು ಇನ್ನೂ ಕಠಿಣ. ಐಗುಪ್ತದ ಸ್ತ್ರೀಯರಿಗೆ ಮಣಿಗಳನ್ನು ಬಲೆಯಂತೆ ಪೋಣಿಸಿದ ಉಡುಪೂ ಇತ್ತು. 1927ರಲ್ಲಿ ಗೀಜಾದ ಒಂದು ಸಮಾಧಿಯಲ್ಲಿ, ದೊಡ್ಡ ಪಿರಮಿಡ್ಡನ್ನು ಕಟ್ಟಿಸಿದ ಖುಫು ರಾಜನ ಕಾಲದ ಒಬ್ಬ ಸ್ತ್ರೀಯ ದೇಹದ ಮೇಲೆಯೂ ಸುತ್ತಲೂ ಇಂಥ ಮಣಿಗಳು ಚೆಲ್ಲಿದ್ದುವು. ದಾರ ಪುಡಿಯಾಗಿತ್ತು. ಆದರೆ ಕೆಲವು ಮಣಿಗಳು ಇದ್ದ ಕ್ರಮದಲ್ಲಿಯೇ ಉಳಿದಿದ್ದುದರಿಂದ, ಆ ಸುಳಿವನ್ನು ಹಿಡಿದು ಸುಮಾರು ಏಳು ಸಾವಿರ ಮಣಿಗಳನ್ನು ಪೋಣಿಸಿದ ಉಡುಪು ಈಗ ಅಮೆರಿಕದ ಬಾಸ್ಟನ್ ನಗರದ ಸಂಗ್ರಹಾಲಯದಲ್ಲಿದೆ. ಮಣಿಗಳ ಬಣ್ಣ ಇಂದು ಮಾಸಿದೆ. ಮೊದಲು ನೀಲಿ ಮತ್ತು ಹಸಿರುನೀಲಿಯಾಗಿದ್ದುವು. ಕಾವ್ ಎಂಬ ಊರಿನಲ್ಲಿ ದೊರೆತ ಇನ್ನೊಂದು ಮಣಿಯುಡುಪು ಪೆಟ್ರಿ ಸಂಗ್ರಹಾಲಯದಲ್ಲಿಯೇ ಇದೆ. ಅದು ಹನ್ನೆರಡು ವರ್ಷದ ಹುಡುಗಿಯ ಅಳತೆಯದು. ಅದರ ಕೆಳ ಅಂಚಿನಲ್ಲಿ 127 ಸಣ್ಣ ಶಂಖದ ಚಿಪ್ಪುಗಳಿದ್ದು, ನಡೆದಾಗ ಸದ್ದಾಗಲೆಂದು ಒಂದೊಂದರೊಳಗೂ ಒಂದು ಕಲ್ಲಿನ ಹರಳನ್ನಿಟ್ಟಿದ್ದಾರೆ. ಗೆಜ್ಜೆ ಕಟ್ಟಿಕೊಂಡು ಅಂಗಳವೆಲ್ಲ ಓಡಾಡಿದವರಿಗೆ ಆ ಹುಡುಗಿಯ ಸಂತೋಷವನ್ನು ವಿವರಿಸಬೇಕಾಗಿಲ್ಲ.

ಇಂಥ ರಚನೆಯಲ್ಲಿ ಊಹೆಗೆ ಎಡೆಯಿರುವುದರಿಂದ, ಎಷ್ಟು ದೊರೆತದ್ದು, ಎಷ್ಟು ಊಹಿಸಿದ್ದು ಎಂಬುದನ್ನು ನೋಡುವವರಿಗೆ ತಿಳಿಸುವುದು ಸಂಗ್ರಹಾಲಯದ ಧರ್ಮ. ತೊಟ್ಟು ನೋಡುವ ಆಸೆಯಿದ್ದರೆ ಪ್ರತಿಯನ್ನು ಹೊಲಿಯಿಸಬೇಕೇ ಹೊರತು ಮೂಲವನ್ನು ಮುಟ್ಟಬಾರದು. ಬೆಳಕೂ ಬಟ್ಟೆಗೆ ಶತ್ರು. ಅದು ಮಾಡಿದ ಹಾನಿಯನ್ನು ಸರಿಪಡಿಸುವಂತಿಲ್ಲ. ಆದುದರಿಂದಲೇ ಬಟ್ಟೆಗಳಿರುವ ಕೋಣೆಯನ್ನು ಮಬ್ಬಾಗಿಡುತ್ತಾರೆ. ಹುಳು, ತೇವ, ಬಹುಕಾಲ ಒಂದೇ ಕಡೆ ಬಿದ್ದ ಮಡಿಕೆ, ಇವೂ ಹಾಗೆಯೇ. ರೇಷ್ಮೆ ಸೀರೆಯನ್ನು ಆಗಾಗ ಬಿಡಿಸಿ ಬೇರೆ ಮಡಿಕೆ ಹಾಕಿಡುತ್ತಿದ್ದ ನಮ್ಮ ತಾಯಂದಿರಿಗೆ ಇದು ಯಾವ ಗ್ರಂಥವಿಲ್ಲದೆಯೇ ತಿಳಿದಿತ್ತು.

ಬರುವ ಶಾಲಾ ದಿನದಂದು ಹಳೆಯ ಉಡುಪುಗಳ ಒಂದು ಸಣ್ಣ ಪ್ರದರ್ಶನವನ್ನು ಏರ್ಪಡಿಸಬೇಕೆಂದಿದ್ದೇವೆ. ಹಳೆಯ ವಿದ್ಯಾರ್ಥಿನಿಯರು ತಮ್ಮ ಮನೆಯ ಕುಪ್ಪಸ, ಕುಲಾವಿ, ಸೆರಗಿನ ತುಂಡು, ಏನಿದ್ದರೂ ಕೆಲವು ದಿನಗಳಿಗೆ ಕೊಡಬಹುದು. ದಯವಿಟ್ಟು ಒಗೆಯದೆ, ಇಸ್ತ್ರಿ ಮಾಡದೆ ತರಬೇಕು. ತೊಟ್ಟವರ ಹೆಸರು, ಊರು, ಅವರು ಮಾಡುತ್ತಿದ್ದ ಕೆಲಸ ಇವನ್ನು ಪೆನ್ಸಿಲಿನಿಂದ ಚೀಟಿಯಲ್ಲಿ ಬರೆದು ಸಡಿಲವಾಗಿ ದಾರದಿಂದ ಕಟ್ಟಿರಿ. ಗುಂಡುಸೂಜಿ ಚುಚ್ಚಬೇಡಿರಿ, ತುಕ್ಕು ಹಿಡಿಯುವುದು.