ಡ್ರಿಪ್‌ಗೆ ಆಸಿಡ್ ಬಿಡುವ ಮುನ್ನ ಅದರ ಸಾಂದ್ರತೆ ನೋಡಿ

ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿಕೊಂಡು ಡ್ರಿಪ್ಪರ್‌ಗಳು ಮುಚ್ಚಿದಾಗ ಆಸಿಡ್ ಟ್ರೀಟ್‌ಮೆಂಟ್ ಮಾಡೋದು ಈಗ ಹೊಸ ವಿಷಯವೇನಲ್ಲ. ಕೋಲಾರ, ಚಿಕ್ಕಬಳ್ಳಾಪುರ, ವಿಜಯಪುರದ ಕಡೆ ಗಡಸು ನೀರಿರುವ ತೋಟಗಳಲ್ಲಿ ಇದು ಮಾಮೂಲಿ ಕೆಲಸ. ಆದರೆ ಅಂಗಡಿಯಿಂದ ತರುವ ಹೈಡ್ರೋಕ್ಲೋರಿಕ್ ಆಮ್ಲದ ಕ್ಯಾನಿನ ಮೇಲೆ ಎಷ್ಟೋ ಸಲ ಲೇಬಲ್ ಇರುವುದೇ ಇಲ್ಲ, ಇದ್ದರೂ ಶೇಕಡಾ ಎಷ್ಟು ಅಂತ ಬರೆದಿರುವುದಿಲ್ಲ. "ಹೋದ ಸಲ ಒಂದೂವರೆ ಲೀಟರ್ ಹಾಕಿದ್ವಿ, ಈ ಸಲಾನೂ ಅಷ್ಟೇ ಹಾಕೋಣ" ಅನ್ನುವ ಲೆಕ್ಕ ಇಲ್ಲಿಯೇ ಕೈಕೊಡುತ್ತದೆ. ಕ್ಯಾನಿನೊಳಗೆ ಏನಿದೆ, ಎಷ್ಟು ಖಾರದ್ದಿದೆ ಅಂತ ಅಂದಾಜು ಮಾಡಲು ಮನೆಯಲ್ಲೇ ತೆಗೆಯಬಹುದಾದ ಒಂದು ಅಳತೆ ಇದೆ. ಅದೇ ಸಾಂದ್ರತೆ.

ಸಾಂದ್ರತೆ ಅಂದರೆ ಇಷ್ಟೇ: ಒಂದು ಲೀಟರ್ ದ್ರವ ಎಷ್ಟು ಕೆಜಿ ತೂಗುತ್ತದೆ ಎಂಬುದು. ನೀರು ಹೆಚ್ಚುಕಡಿಮೆ 1 ಕೆಜಿ. ಶೇ. 32ರ ಹೈಡ್ರೋಕ್ಲೋರಿಕ್ ಆಮ್ಲ 1.16 ಕೆಜಿ. ಶೇ. 85ರ ಫಾಸ್ಫರಿಕ್ ಆಮ್ಲ ಸುಮಾರು 1.69 ಕೆಜಿ. ಶೇ. 98ರ ಗಂಧಕಾಮ್ಲ, ಅಂದರೆ ಸಲ್ಫ್ಯೂರಿಕ್ ಆಸಿಡ್, 1.84 ಕೆಜಿ. ಯಾವುದೇ ರಾಸಾಯನಿಕದ ಸೇಫ್ಟಿ ಡೇಟಾ ಶೀಟ್ ತೆಗೆದು ನೋಡಿ, 9ನೇ ವಿಭಾಗದಲ್ಲಿ ಈ ಅಂಕಿ ಇರುತ್ತದೆ. ಮಾರಾಟಗಾರರ ಹತ್ತಿರ ಈ ಹಾಳೆ ಕೇಳಿ ಪಡೆಯಿರಿ.

ಮೊದಲ ಪರೀಕ್ಷೆಗೆ ಕ್ಯಾನಿನ ಮುಚ್ಚಳವನ್ನೂ ತೆಗೆಯಬೇಕಿಲ್ಲ. ತಕ್ಕಡಿ ಮೇಲೆ ಇಡಿ, ಸಾಕು. ನಿಜವಾಗಿ 5 ಲೀಟರ್ ತುಂಬಿದ ಕ್ಯಾನಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲವೇ ಇದ್ದರೆ ಕ್ಯಾನಿನ ತೂಕ ಬಿಟ್ಟು 5.8 ಕೆಜಿ ಆಸುಪಾಸು ಬರಬೇಕು. 9 ಕೆಜಿ ದಾಟಿದರೆ ಅದು ಗಟ್ಟಿ ಗಂಧಕಾಮ್ಲ ಇರಬಹುದು. ಮುಚ್ಚಳ ಮುಟ್ಟದೆ ವಾಪಸ್ ಕೊಡಿ. ಗಟ್ಟಿ ಗಂಧಕಾಮ್ಲಕ್ಕೆ ನೀರು ಬಿದ್ದರೆ, ಹಗುರವಾದ ನೀರು ಮೇಲೆಯೇ ನಿಂತು, ಎರಡೂ ಸೇರುವ ಕಡೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಹಾಕಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ. ಭಾರದ ಆಮ್ಲವನ್ನು ನಿಧಾನವಾಗಿ ನೀರಿಗೆ ಸುರಿದರೆ ಅದು ಕೆಳಗಿಳಿಯುತ್ತಾ ಬೆರೆಯುತ್ತದೆ, ಹುಟ್ಟುವ ಬಿಸಿಯನ್ನು ಅಷ್ಟೂ ನೀರು ಹಂಚಿಕೊಳ್ಳುತ್ತದೆ.

ತೂಕ ಸರಿ ಬಂತು ಅಂದುಕೊಳ್ಳಿ. ಈಗ ನಿಖರವಾಗಿ ಅಳೆಯೋಣ. ಲ್ಯಾಬ್‌ನವರ ಸಾಮಾನು ಬೇಡ. ಕಿರುಬಾಯಿಯ ಒಂದು ಗಾಜಿನ ಬಾಟಲಿ, 1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇದ್ದರೆ ಆಯಿತು. ಬಾಟಲಿಯ ಕುತ್ತಿಗೆಗೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಖಾಲಿ ಬಾಟಲಿ ತೂಗಿ ಬರೆದುಕೊಳ್ಳಿ. ಗೆರೆವರೆಗೆ ನೀರು ತುಂಬಿ ತೂಗಿ. ನೀರು ಚೆಲ್ಲಿ, ಬಾಟಲಿಯನ್ನು ಪೂರ್ತಿ ಒಣಗಿಸಿ, ಅದೇ ಗೆರೆವರೆಗೆ ಆಮ್ಲ ತುಂಬಿ ಮತ್ತೆ ತೂಗಿ. ಖಾಲಿ ಬಾಟಲಿ 180 ಗ್ರಾಂ, ನೀರಿನೊಂದಿಗೆ 430, ಆಮ್ಲದೊಂದಿಗೆ 468 ಬಂತು ಅನ್ನಿ. ನೀರು 250 ಗ್ರಾಂ, ಆಮ್ಲ 288 ಗ್ರಾಂ. 288ನ್ನು 250ರಿಂದ ಭಾಗಿಸಿದರೆ 1.152. ಬಾಟಲಿ ಎಷ್ಟು ಮಿಲಿ ಹಿಡಿಯುತ್ತದೆ ಅಂತ ಗೊತ್ತಿರಬೇಕಾಗಿಯೇ ಇಲ್ಲ, ಅದೇ ಈ ವಿಧಾನದ ಚೆಂದ. ಪ್ರಯೋಗಾಲಯದ ಪಿಕ್ನೋಮೀಟರ್ ಅನ್ನುವ ಪುಟ್ಟ ಸೀಸೆ ಮಾಡುವುದೂ ಇದನ್ನೇ.

ಈ ಕೆಲಸ ಬಯಲಲ್ಲಿ ಮಾಡಿ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಬರುವಂತೆ ನಿಲ್ಲಿ. ರಬ್ಬರ್ ಕೈಗವಸು, ಕಣ್ಣು ಪೂರ್ತಿ ಮುಚ್ಚುವ ಕನ್ನಡಕ ಇಲ್ಲದೆ ಮುಟ್ಟಲೇಬೇಡಿ. ಪಕ್ಕದಲ್ಲಿ ಎರಡು ಬಿಂದಿಗೆ ನೀರು ಇರಲಿ. ಕಣ್ಣಿಗೆ ಹಾರಿದರೆ ಕನಿಷ್ಠ 15 ನಿಮಿಷ ನೀರು ಹಾಯಿಸುತ್ತಲೇ ಇದ್ದು, ಆಮೇಲೆ ಆಸ್ಪತ್ರೆಗೆ ಹೋಗಬೇಕು.

ಈಗ 1.152 ಅಂದರೆ ಶೇಕಡಾ ಎಷ್ಟು? ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಒಂದು ಸುಲಭದ ಸೂತ್ರ ಇದೆ. 1 ಕಳೆದು ಉಳಿದದ್ದನ್ನು 200ರಿಂದ ಗುಣಿಸಿ. 0.152 ಗುಣಿಸು 200 ಅಂದರೆ 30.4. ಅಂದರೆ ನಿಮ್ಮ ಆಮ್ಲ ಸುಮಾರು ಶೇ. 30ರದ್ದು. 1.10 ಬಂದರೆ ಶೇ. 20, 1.16 ಬಂದರೆ ಶೇ. 32. ಹಳೆಯ ಕಾರ್ಖಾನೆಗಳ ಟ್ವಾಡೆಲ್ ಮಾಪಕದ ಲೆಕ್ಕವೂ ಇದೇ. ಬೇರೆ ಆಮ್ಲಗಳಿಗೆ ಈ ಸೂತ್ರ ನಡೆಯೋದಿಲ್ಲ, ನೆನಪಿರಲಿ. ತಕ್ಕಡಿಯಲ್ಲಿ 1 ಗ್ರಾಂ ಆಚೀಚೆ ಆದರೆ ಉತ್ತರ ಶೇ. 1ರಷ್ಟು ಆಚೀಚೆ ಆಗಬಹುದು. ನಮ್ಮ ಕೆಲಸಕ್ಕೆ ಅಷ್ಟು ಸಾಕು. ಬಿಸಿಲಿಗೆ ಕಾದ ಆಮ್ಲ ಸ್ವಲ್ಪ ಹಗುರ ತೋರಿಸುತ್ತದೆ, ಹಾಗಾಗಿ ಬೆಳಗಿನ ತಂಪಿನಲ್ಲಿ ಅಳೆಯಿರಿ.

ಇಷ್ಟೆಲ್ಲಾ ಯಾಕೆ ಅಂತೀರಾ? ಒಂದು ಲೆಕ್ಕ ನೋಡಿ. 15 ನಿಮಿಷದಲ್ಲಿ ಲೈನ್‌ನಲ್ಲಿ 1250 ಲೀಟರ್ ನೀರು ಹರಿಯುತ್ತದೆ, 20 ಲೀಟರ್ ಬಕೆಟ್ ನೀರಿನ ರಸಸಾರವನ್ನು 4ಕ್ಕೆ ಇಳಿಸಲು ಶೇ. 32ರ ಆಮ್ಲ 16 ಮಿಲಿ ಬೇಕಾಯಿತು ಅಂದುಕೊಳ್ಳೋಣ. ಹಾಗಾದರೆ 1250 ಲೀಟರಿಗೆ ಬೇಕಾದದ್ದು 1 ಲೀಟರ್. ಅದೇ ಕೆಲಸಕ್ಕೆ ಶೇ. 20ರ ಆಮ್ಲ ಸುಮಾರು 1.7 ಲೀಟರ್ ಬೇಕು. ಶೇ. 32ರ ಒಂದು ಲೀಟರಿನಲ್ಲಿ 371 ಗ್ರಾಂ ಶುದ್ಧ ಆಮ್ಲ ಇದ್ದರೆ, ಶೇ. 20ರದ್ದರಲ್ಲಿ 220 ಗ್ರಾಂ ಮಾತ್ರ. ಹೋದ ಸಲ ಬಂದದ್ದು ಶೇ. 20ರದ್ದು, ಈ ಸಲ ಶೇ. 32ರದ್ದು, ನೀವು ಮಾತ್ರ ಅದೇ 1.7 ಲೀಟರ್ ಬಿಟ್ಟಿರಿ ಅನ್ನಿ. ಹೆಚ್ಚಾದ 700 ಮಿಲಿಗೆ ಎದುರು ನಿಲ್ಲಲು ನೀರಿನಲ್ಲಿ ಸುಣ್ಣ ಉಳಿದಿರುವುದಿಲ್ಲ. ರಸಸಾರ 4ರಲ್ಲಿ ನಿಲ್ಲದೆ 2ರ ಹತ್ತಿರಕ್ಕೆ ಜಾರುತ್ತದೆ. ರಸಸಾರದಲ್ಲಿ ಎರಡು ಮೆಟ್ಟಿಲು ಅಂದರೆ ನೂರು ಪಟ್ಟು ಹುಳಿ. ಜಿ.ಐ. ಪೈಪು, ಫಿಲ್ಟರಿನ ಕಬ್ಬಿಣ, ಗಿಡದ ಬುಡದ ಎಳೆ ಬೇರು ಎಲ್ಲಕ್ಕೂ ಪೆಟ್ಟು. ಹೊಸ ಕ್ಯಾನ್ ತೆರೆದಾಗ ಸಾಂದ್ರತೆ ಬದಲಾಗಿದ್ದರೆ ಬಕೆಟ್ ಪರೀಕ್ಷೆಯನ್ನು ಹೊಸದಾಗಿ ಮಾಡಲೇಬೇಕು. ಎಷ್ಟು ರಸಸಾರಕ್ಕೆ ಇಳಿಸಬೇಕು, ಎಷ್ಟು ಹೊತ್ತು ನಿಲ್ಲಿಸಬೇಕು ಅನ್ನೋದನ್ನು ನಿಮ್ಮ ಡ್ರಿಪ್ ಕಂಪನಿಯ ಕೈಪಿಡಿಯಂತೆ ಮಾಡಿ.

ಇಲ್ಲಿ ಒಂದು ಎಚ್ಚರಿಕೆ. ಸಾಂದ್ರತೆ ಸರಿ ಬಂದ ಮಾತ್ರಕ್ಕೆ ಒಳಗಿರುವುದು ಹೈಡ್ರೋಕ್ಲೋರಿಕ್ ಆಮ್ಲವೇ ಅಂತ ಹೇಳಲು ಬರೋದಿಲ್ಲ. ಶೇ. 25ರ ಗಂಧಕಾಮ್ಲವೂ 1.18, ಶೇ. 36ರ ಹೈಡ್ರೋಕ್ಲೋರಿಕ್ ಆಮ್ಲವೂ 1.18. ರಬ್ಬರ್ ಹಾಳೆಗೆ ಬಳಸುವ ಶೇ. 85ರ ಫಾರ್ಮಿಕ್ ಆಮ್ಲವೂ ಅಲ್ಲೇ ಹತ್ತಿರ. ನೀರಿಗೆ ಉಪ್ಪು ಕದಡಿದರೂ ಸಾಂದ್ರತೆ ಏರುತ್ತದೆ. "ಇದು ಅದಲ್ಲ" ಅಂತ ಸಾಂದ್ರತೆ ಗಟ್ಟಿಯಾಗಿ ಹೇಳಬಲ್ಲದು, "ಇದು ಅದೇ" ಅಂತ ಹೇಳಲಾರದು.

ಇದರಲ್ಲಿ ಅತಿ ಅಪಾಯದ ಜೋಡಿ ಪಂಪ್‌ಹೌಸ್‌ನಲ್ಲೇ ಇರುತ್ತದೆ. ಪಾಚಿ, ಲೋಳೆ ತೆಗೆಯಲು ತರುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದ ಸಾಂದ್ರತೆಯೂ 1.1ರಿಂದ 1.2ರೊಳಗೆ. ಬಣ್ಣವೂ ತಿಳಿ ಹಳದಿ. ಮಾರುಕಟ್ಟೆಯ ಹೈಡ್ರೋಕ್ಲೋರಿಕ್ ಆಮ್ಲವೂ ಕಬ್ಬಿಣದ ಅಂಶದಿಂದ ಹಳದಿಯಾಗಿರುತ್ತದೆ. ಕೈಯಲ್ಲಿ ಹಿಡಿದರೆ ಒಂದೇ ಭಾರ, ಕಣ್ಣಿಗೆ ಒಂದೇ ಬಣ್ಣ. ಇವೆರಡೂ ಒಂದೇ ಟ್ಯಾಂಕಿನಲ್ಲಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಆಮ್ಲದ ಜೊತೆ ಬ್ಲೀಚಿಂಗ್ ಪೌಡರ್ ಸೇರಿದರೂ ಇದೇ ಕಥೆ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಮೇಲೆ ಹಾರಿಹೋಗದೆ ನೆಲ ಹಿಡಿದು ಹರಿದು, ಮೋಟಾರು ಗುಂಡಿಯಲ್ಲಿ, ಪಂಪ್‌ಹೌಸ್‌ನ ಮೂಲೆಯಲ್ಲಿ ಕೂತುಬಿಡುತ್ತದೆ. ಗುಂಡಿಗೆ ಇಳಿದವನು ಮತ್ತೆ ಹತ್ತಿ ಬರಲಾರದೇ ಹೋಗಬಹುದು. ಘಾಟು ಮೂಗಿಗೆ ಬಡಿದರೆ ಎತ್ತರದ ಜಾಗಕ್ಕೆ, ಗಾಳಿ ಬೀಸಿ ಬರುವ ದಿಕ್ಕಿಗೆ ಓಡಿ. ಒಬ್ಬ ಬಿದ್ದರೆ ಅವನನ್ನು ಎತ್ತಲು ಇನ್ನೊಬ್ಬ ಹಾಗೇ ಇಳಿಯಬಾರದು, ಅಗ್ನಿಶಾಮಕ ದಳಕ್ಕೆ 112ರಲ್ಲಿ ಫೋನ್ ಮಾಡಿ.

ಹಾಗಾಗಿ ತೂಕದ ಜೊತೆಗೆ ಪಿ.ಎಚ್. ಕಾಗದದ ಚೂರನ್ನೂ ತಾಗಿಸಿ ನೋಡಿ. ಆಮ್ಲ ತಾಗಿದರೆ ಕೆಂಪಾಗುತ್ತದೆ. ಹೈಪೋಕ್ಲೋರೈಟ್ ಆದರೆ ಮೊದಲು ನೀಲಿಗೆ ತಿರುಗಿ ಆಮೇಲೆ ಬಣ್ಣವೇ ಹೋಗಿ ಬೆಳ್ಳಗಾಗುತ್ತದೆ. ಎರಡು ಕ್ಯಾನುಗಳನ್ನು ಒಂದೇ ಕೋಣೆಯಲ್ಲಿ ಇಡಬೇಡಿ. ಒಂದರ ಅಳತೆ ಮಗ್ಗನ್ನು ಇನ್ನೊಂದಕ್ಕೆ ಬಳಸಬೇಡಿ.

ಟ್ರ್ಯಾಕ್ಟರ್ ಬ್ಯಾಟರಿ ನೋಡುವ ಹೈಡ್ರೋಮೀಟರ್ ಇದೆ, ಅದರಲ್ಲೇ ಅಳೆಯಬಹುದಾ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಸಾಮಾನ್ಯವಾಗಿ ಅದರಲ್ಲಿ 1.100ರಿಂದ 1.300ರವರೆಗೆ ಗುರುತು ಇರುವುದರಿಂದ ಓದಲು ಬರುತ್ತದೆ. ಆದರೆ ಅದರಲ್ಲಿ ಉಳಿದ ಒಂದೆರಡು ಹನಿ ಕ್ಲೋರೈಡ್ ಬ್ಯಾಟರಿಯೊಳಗೆ ಹೋದರೂ ಸೀಸದ ಪ್ಲೇಟಿಗೆ ಒಳ್ಳೆಯದಲ್ಲ. ಆಸಿಡ್‌ಗೆಂದೇ ಬೇರೆಯದೊಂದು ತಂದಿಟ್ಟುಕೊಳ್ಳಿ. ಓದುವಾಗ ತೇಲುವ ಕಡ್ಡಿ ಕೊಳವೆಯ ಗೋಡೆಗೆ ತಾಗಿರಬಾರದು, ಗುಳ್ಳೆ ಅಂಟಿರಬಾರದು. ಅಳೆದ ದಿನಾಂಕ, ಸಾಂದ್ರತೆ, ಶೇಕಡಾ ಮೂರನ್ನೂ ಮಾರ್ಕರ್‌ನಲ್ಲಿ ಕ್ಯಾನಿನ ಮೇಲೆಯೇ ಬರೆದಿಡಿ, ಮುಂದಿನ ಸಲ ಲೈನ್ ತೊಳೆಯುವವರು ನೀವೇ ಆಗಿರಬೇಕೆಂದಿಲ್ಲ.