ಪತ್ತೇದಾರಿ ಓದುಗರಿಗೆ ನ್ಯೂಯಾರ್ಕಿನಲ್ಲಿ ಒಂದು ದಿನ

ಮಗನ ಮನೆಗೋ ಮಗಳ ಬಾಣಂತನಕ್ಕೋ ಎಂದು ನ್ಯೂಜೆರ್ಸಿಗೆ ಬಂದು ತಿಂಗಳುಗಟ್ಟಲೆ ಉಳಿಯುವ ಕನ್ನಡಿಗರಿಗೆ ನ್ಯೂಯಾರ್ಕ್ ಎಂದರೆ ಲಿಬರ್ಟಿ ಪ್ರತಿಮೆ, ಟೈಮ್ಸ್ ಸ್ಕ್ವೇರ್, ಎಂಪೈರ್ ಸ್ಟೇಟ್ ಕಟ್ಟಡ. ಒಂದು ಶನಿವಾರ ಮಕ್ಕಳು ಅವಸರದಲ್ಲಿ ಎಲ್ಲ ತೋರಿಸಿ ಮುಗಿಸುತ್ತಾರೆ. ಸೋಮವಾರದಿಂದ ಅವರು ಕೆಲಸಕ್ಕೆ ಹೊರಟರೆ ಮನೆಯಲ್ಲಿ ಹೊತ್ತೇ ಹೋಗುವುದಿಲ್ಲ. ನೀವು ಪತ್ತೇದಾರಿ ಕಾದಂಬರಿ ಓದಿಕೊಂಡು ಬೆಳೆದವರಾದರೆ ಅಂಥ ಒಂದು ದಿನವನ್ನು ಮ್ಯಾನ್‌ಹಟನ್ನಿನ 58, ವಾರೆನ್ ಸ್ಟ್ರೀಟ್‌ಗೆ ಮೀಸಲಿಡಿ. ಅಲ್ಲಿರುವುದು ‘ದಿ ಮಿಸ್ಟೀರಿಯಸ್ ಬುಕ್‌ಶಾಪ್’. ಕೊಲೆ, ಕಳವು, ಗೂಢಚರ್ಯೆ, ಪತ್ತೇದಾರಿಕೆ – ಈ ಬಗೆಯ ಪುಸ್ತಕಗಳಿಗೆಂದೇ ಇರುವ ಅಂಗಡಿ.

ಆಟೋ ಪೆನ್ಜ್ಲರ್ ಎಂಬ ಪ್ರಕಾಶಕರು ಇದನ್ನು 1979ರ ಏಪ್ರಿಲ್ 13ರಂದು ತೆರೆದರು. ಅಂದು ಶುಕ್ರವಾರ. ಹದಿಮೂರನೇ ತಾರೀಖು ಶುಕ್ರವಾರ ಬಂದರೆ ಅಪಶಕುನ ಎನ್ನುವ ದೇಶದಲ್ಲಿ ಇಂಥ ಅಂಗಡಿಗೆ ಅದಕ್ಕಿಂತ ತಕ್ಕ ಮುಹೂರ್ತ ಸಿಗುತ್ತಿರಲಿಲ್ಲ. ಮೊದಲು ಕಾರ್ನೆಗಿ ಹಾಲ್‌ನ ಹಿಂಬದಿಯ 56ನೇ ಬೀದಿಯಲ್ಲಿತ್ತು. 2005ರಲ್ಲಿ ಟ್ರೈಬೆಕಾ ಭಾಗದ ಈಗಿನ ಜಾಗಕ್ಕೆ ಬಂತು.

ಹೋಗುವುದು ಕಷ್ಟವಲ್ಲ. ಎಡಿಸನ್ ಅಥವಾ ಮೆಟ್ರೋಪಾರ್ಕ್ ಕಡೆಯವರು ಎನ್‌ಜೆ ಟ್ರಾನ್ಸಿಟ್ ರೈಲಿನಲ್ಲಿ ನ್ಯೂಆರ್ಕ್ ಪೆನ್ ಸ್ಟೇಷನ್ನಿಗೆ ಬಂದು ಇಳಿಯಿರಿ. (ನ್ಯೂಯಾರ್ಕ್ ಪೆನ್ ಸ್ಟೇಷನ್ ಬೇರೆ, ಹೆಸರು ಕೇಳಿ ಗೊಂದಲವಾಗಬೇಡಿ.) ಅಲ್ಲಿಂದ ಪಾತ್ ರೈಲು ಹತ್ತಿದರೆ ಕೊನೆಯ ನಿಲ್ದಾಣ ವರ್ಲ್ಡ್ ಟ್ರೇಡ್ ಸೆಂಟರ್. ಜೆರ್ಸಿ ಸಿಟಿಯವರಿಗೆ ಜರ್ನಲ್ ಸ್ಕ್ವೇರ್‌ನಿಂದಲೇ ಈ ರೈಲು ಇದೆ. ಇಳಿದ ಮೇಲೆ ಅಲ್ಲೇ ಶೌಚಾಲಯಕ್ಕೆ ಹೋಗಿಬನ್ನಿ; ಮ್ಯಾನ್‌ಹಟನ್ನಿನ ಬೀದಿಗಳಲ್ಲಿ ಅದನ್ನು ಹುಡುಕುವುದು ಸುಲಭವಲ್ಲ. ಚರ್ಚ್ ಸ್ಟ್ರೀಟ್ ಹಿಡಿದು ಉತ್ತರಕ್ಕೆ ನಡೆಯಿರಿ. ವೀಸಿ, ಬಾರ್ಕ್ಲೆ, ಪಾರ್ಕ್ ಪ್ಲೇಸ್, ಮರ್ರೆ ದಾಟಿದರೆ ವಾರೆನ್. ಎಡಕ್ಕೆ ತಿರುಗಿದರೆ ಅಂಗಡಿ. ನಿಧಾನಕ್ಕೆ ನಡೆದರೂ ಹತ್ತು ಹದಿನೈದು ನಿಮಿಷ. ನ್ಯೂಯಾರ್ಕಿನೊಳಗಿಂದ ಬರುವವರಿಗೆ ಚೇಂಬರ್ಸ್ ಸ್ಟ್ರೀಟ್ ಸಬ್‌ವೇ ನಿಲ್ದಾಣ ಹತ್ತಿರ. ಹೊರಡುವ ಮುಂಚೆ ಅಂದಿನ ಸಮಯವನ್ನು ಅಂಗಡಿಯ ವೆಬ್‌ಸೈಟಿನಲ್ಲಿ ಒಮ್ಮೆ ನೋಡಿಕೊಳ್ಳಿ. ನನ್ನನ್ನು ಕೇಳಿದರೆ ವಾರದ ದಿನದ ಮಧ್ಯಾಹ್ನವೇ ಸರಿ, ಅಂಗಡಿಯವರಿಗೆ ಮಾತಾಡಲು ಪುರುಸೊತ್ತಿರುತ್ತದೆ.

ಒಳಗೆ ಒಂದೇ ಉದ್ದನೆಯ ಕೋಣೆ. ನೆಲದಿಂದ ಸೂರಿನವರೆಗೂ ಪುಸ್ತಕ. ಮೇಲಿನ ಸಾಲುಗಳು ಕೈಗೆಟುಕಲು ಗಾಲಿ ಏಣಿಗಳಿವೆ. ಲೇಖಕರ ಮನೆಹೆಸರಿನ ಅಕಾರಾದಿ ಕ್ರಮ ಗೊತ್ತಿದ್ದರೆ ಯಾರನ್ನೂ ಕೇಳದೆ ಹುಡುಕಬಹುದು. ಷರ್ಲಾಕ್ ಹೋಮ್ಸ್‌ಗೆ ಪ್ರತ್ಯೇಕ ವಿಭಾಗವೇ ಇದೆ: ಡಾಯ್ಲ್ ಬರೆದದ್ದು ಮಾತ್ರವಲ್ಲ, ಆಮೇಲೆ ಬೇರೆಯವರು ಹೋಮ್ಸ್‌ನನ್ನಿಟ್ಟುಕೊಂಡು ಬರೆದ ಕತೆಗಳು, ವಿಮರ್ಶೆಗಳು, ಸಂಗ್ರಾಹಕರ ಪ್ರತಿಗಳೂ ಇವೆ. ಹಳೆಯ ಮೊದಲ ಮುದ್ರಣದ ಪ್ರತಿಗಳಿಗೆ ಪಾರದರ್ಶಕ ಹೊದಿಕೆ ಹಾಕಿರುತ್ತಾರೆ. ಅವುಗಳ ಬೆಲೆ ಬೇರೆಯೇ ಲೆಕ್ಕ, ಮುಟ್ಟುವ ಮೊದಲು ಕೇಳಿ. ಹೊಸ ಪುಸ್ತಕಗಳಲ್ಲಿ ಲೇಖಕರ ಸಹಿಯಿರುವ ಪ್ರತಿಗಳು ಧಾರಾಳವಾಗಿರುತ್ತವೆ, ಸಾಮಾನ್ಯವಾಗಿ ಮುಖಬೆಲೆಗೇ ಸಿಗುತ್ತವೆ.

ಆದರೆ ಇಷ್ಟು ದೂರ ಹೋಗುವುದು ಕಪಾಟು ನೋಡಲಿಕ್ಕಲ್ಲ, ಕೌಂಟರಿನಲ್ಲಿ ಇರುವವರನ್ನು ಕೇಳಲಿಕ್ಕೆ. ದಿನವಿಡೀ ಇದನ್ನೇ ಓದಿ ಇದನ್ನೇ ಮಾರುವ ಜನ ಅವರು. ‘ಒಳ್ಳೆಯ ಪುಸ್ತಕ ಯಾವುದು’ ಎಂದು ಕೇಳಬೇಡಿ. ಈಚೆಗೆ ಮೆಚ್ಚಿದ ಎರಡು ಪುಸ್ತಕದ ಹೆಸರು ಹೇಳಿ, ಅರ್ಧಕ್ಕೆ ಬಿಟ್ಟ ಒಂದರ ಹೆಸರೂ ಹೇಳಿ. ರಕ್ತಪಾತದ ವಿವರ ಓದಲಾಗದಿದ್ದರೆ ‘ಕೋಜಿ’ ಬೇಕೆನ್ನಿ – ಊರು, ನೆರೆಹೊರೆ, ಅಡುಗೆಮನೆಗಳ ನಡುವೆ ಕೊಲೆ ಬಿಡಿಸುವ ಕತೆಗಳು. ಸುಳಿವುಗಳನ್ನೆಲ್ಲ ಮುಂದಿಟ್ಟು ಓದುಗನಿಗೇ ಸವಾಲು ಹಾಕುವ 1920–30ರ ದಶಕದ ಬಗೆ ಬೇಕಾದರೆ ‘ಗೋಲ್ಡನ್ ಏಜ್’. ಠಾಣೆಯ ದಿನಚರಿ, ಪಂಚನಾಮೆ, ವಿಚಾರಣೆ ಇಷ್ಟವಾದರೆ ‘ಪೊಲೀಸ್ ಪ್ರೊಸೀಜರಲ್’. ಇಷ್ಟು ಹೇಳಿದರೆ ಅವರು ಎದ್ದು ಬಂದು ಕೈಗೆ ಪುಸ್ತಕ ಕೊಡುತ್ತಾರೆ. ಇಂಗ್ಲಿಷ್ ಮಾತು ತಡವರಿಸಿದರೂ ಸಂಕೋಚ ಬೇಡ, ಲೇಖಕರ ಹೆಸರುಗಳೇ ಸಾಕು.

ಕನ್ನಡದಲ್ಲಿ ಓದಿದ್ದರ ಜಾಡು ಹಿಡಿದು ಅಲ್ಲಿ ಏನು ಕೇಳಬಹುದು ಎಂದು ನನ್ನದೊಂದು ಪಟ್ಟಿ ಇದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳಿಗಾಗಿ ಬಾಡಿಗೆ ಪುಸ್ತಕದಂಗಡಿಯ ಮುಂದೆ ಕಾದವರು ರೆಕ್ಸ್ ಸ್ಟೌಟ್ ಕೇಳಿ. ಒಬ್ಬನೇ ಪತ್ತೇದಾರ ಪುಸ್ತಕದಿಂದ ಪುಸ್ತಕಕ್ಕೆ ಬರುವ ಸುಖ ಅಲ್ಲಿ ಹಾಗೇ ಇದೆ. ಸ್ಟೌಟ್‌ನ ನೀರೋ ವುಲ್ಫ್ ಮ್ಯಾನ್‌ಹಟನ್ನಿನ 35ನೇ ಬೀದಿಯ ಮನೆ ಬಿಟ್ಟು ಕದಲಲೊಲ್ಲದ ಭಾರೀ ಆಸಾಮಿ, ಆರ್ಕಿಡ್ ಬೆಳೆಸುವವನು, ಊಟದ ವಿಷಯದಲ್ಲಿ ಕಟ್ಟುನಿಟ್ಟು. ಊರೆಲ್ಲ ಓಡಾಡಿ ಸುದ್ದಿ ತರುವವನು ಸಹಾಯಕ ಆರ್ಚಿ ಗುಡ್ವಿನ್. ಮೊದಲ ಪುಸ್ತಕ 1934ರ ‘ಫೆರ್-ಡೆ-ಲಾನ್ಸ್’. ಠಾಣೆಯ ಕತೆ ಬೇಕಾದವರಿಗೆ ಎಡ್ ಮೆಕ್‌ಬೇನ್. 1956ರ ‘ಕಾಪ್ ಹೇಟರ್’ನಿಂದ ಶುರುಮಾಡಿ, ತೆಳ್ಳಗಿನ ಪುಸ್ತಕ.

ತೇಜಸ್ವಿಯವರ ‘ಚಿದಂಬರ ರಹಸ್ಯ’, ‘ಜುಗಾರಿ ಕ್ರಾಸ್’ ಮೆಚ್ಚಿದವರಿಗೆ ನಾನು ಹೇಳುವ ಹೆಸರು ಒಂದೇ: ಟೋನಿ ಹಿಲರ್ಮನ್. ಅರಿಝೋನಾ, ನ್ಯೂ ಮೆಕ್ಸಿಕೋದ ನವಾಹೋ ಜನರ ನಾಡಿನಲ್ಲಿ ನಡೆಯುವ ಕತೆಗಳು. ಮಣ್ಣು, ಮಳೆ, ಹಳೆಯ ನಂಬಿಕೆ, ಹೊರಗಿನವರ ದುರಾಸೆ ಇವೆಲ್ಲ ಸೇರಿ ಅಪರಾಧವಾಗುವುದು ಅವನಲ್ಲೂ ಇದೆ. 1988ರ ‘ಎ ಥೀಫ್ ಆಫ್ ಟೈಮ್’ ಓದಿ. ಹಳೆಯ ಮಡಕೆಗಳ ಕಳ್ಳಸಾಗಣೆ ಅದರ ವಸ್ತು.

ಅಂಗಡಿಯ ಆಸುಪಾಸಿನ ಕತೆಯೇ ಬೇಕಾದರೆ ಎಸ್.ಜೆ. ರೋಝನ್. ಅವಳ ಲಿಡಿಯಾ ಚಿನ್ ಚೈನಾಟೌನ್‌ನಲ್ಲಿ ಅಮ್ಮನ ಜೊತೆ ಇರುವ ಪತ್ತೇದಾರಿಣಿ. ಈ ಕೆಲಸ ಬಿಡು ಎಂದು ಅಮ್ಮ, ಅಣ್ಣಂದಿರು ಹಿಡಿಯುವ ಹಟ ನಮ್ಮ ಮನೆಗಳ ಮಾತಿನಂತೆಯೇ ಕೇಳುತ್ತದೆ. 1994ರ ‘ಚೈನಾ ಟ್ರೇಡ್’ ಮೊದಲನೆಯದು. ಅದರ ಬೀದಿಗಳು ಅಂಗಡಿಯಿಂದ ನಡೆದು ಹೋಗುವಷ್ಟು ಹತ್ತಿರ.

ಇನ್ನೊಂದು ಹೆಸರನ್ನು ಅಲ್ಲಿ ಹೆಮ್ಮೆಯಿಂದ ಕೇಳಿ: ಹರಿಣಿ ನಾಗೇಂದ್ರ. ಬೆಂಗಳೂರಿನ ಪರಿಸರ ವಿಜ್ಞಾನಿ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ. 2022ರಲ್ಲಿ ಬಂದ ಅವರ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ 1921ರ ಬೆಂಗಳೂರಿನಲ್ಲಿ ನಡೆಯುತ್ತದೆ. ಬೌರಿಂಗ್ ಆಸ್ಪತ್ರೆಯ ಡಾಕ್ಟರನ್ನು ಮದುವೆಯಾಗಿ ಬಂದ ಕಾವೇರಿ ಗಣಿತದ ಹುಚ್ಚಿನ ಹುಡುಗಿ. ಸೆಂಚುರಿ ಕ್ಲಬ್ಬಿನ ಔತಣಕೂಟದಲ್ಲಿ ಕೊಲೆಯಾದಾಗ ಸುಮ್ಮನಿರಲಾರಳು. ಪುಸ್ತಕದ ಕೊನೆಗೆ ಅಡುಗೆ ವಿಧಾನಗಳೂ ಇವೆ. ಅಮೆರಿಕದಲ್ಲಿ ಹುಟ್ಟಿದ, ಕನ್ನಡ ಓದಲು ಬಾರದ ಮೊಮ್ಮಗಳಿಗೆ ಕೊಡಲು ಇದಕ್ಕಿಂತ ಒಳ್ಳೆಯ ಪತ್ತೇದಾರಿ ಕಾದಂಬರಿ ನನಗೆ ಗೊತ್ತಿಲ್ಲ.

ದೊಡ್ಡ ಇಂಗ್ಲಿಷ್ ಕಾದಂಬರಿ ಮುಗಿಸುವ ತಾಳ್ಮೆ ಇಲ್ಲದವರೂ ಬರಿಗೈಯಲ್ಲಿ ಬರಬೇಕಿಲ್ಲ. ಪುಸ್ತಕಗಳ ಲೋಕದಲ್ಲೇ ನಡೆಯುವ ಅಪರಾಧದ ಕತೆಗಳನ್ನು ಹೆಸರಾಂತ ಲೇಖಕರಿಂದ ಬರೆಸಿ ಅಂಗಡಿಯವರೇ ‘ಬಿಬ್ಲಿಯೋಮಿಸ್ಟರೀಸ್’ ಎಂಬ ಪುಟ್ಟ ಪುಸ್ತಕಗಳ ಮಾಲೆ ತಂದಿದ್ದಾರೆ. ಒಂದೊಂದೂ ಒಂದು ಸಂಜೆಯ ಓದು. ಪೆನ್ಜ್ಲರ್ 2018ರಲ್ಲಿ ಶುರುಮಾಡಿದ ‘ಅಮೆರಿಕನ್ ಮಿಸ್ಟರಿ ಕ್ಲಾಸಿಕ್ಸ್’ ಮಾಲೆ ಮರೆತುಹೋದ ಹಳೆಯ ಕಾದಂಬರಿಗಳನ್ನು ಮತ್ತೆ ಅಚ್ಚುಹಾಕುತ್ತಿದೆ. ಅದರಲ್ಲಿ ಎಲರಿ ಕ್ವೀನ್‌ನ ‘ದಿ ಚೈನೀಸ್ ಆರೆಂಜ್ ಮಿಸ್ಟರಿ’ ಎತ್ತಿಕೊಳ್ಳಿ. ಡಿಸೆಂಬರಿನಲ್ಲಿ ಹೋಗುವವರು ಕ್ರಿಸ್‌ಮಸ್ ಕತೆಯನ್ನು ಕೇಳಲು ಮರೆಯಬೇಡಿ. 1993ರಿಂದ ಒಬ್ಬೊಬ್ಬ ಲೇಖಕರಿಂದ ಒಂದೊಂದು ಕತೆ ಬರೆಸಿ, ಕಿರುಹೊತ್ತಗೆ ಮಾಡಿ, ಗಿರಾಕಿಗಳಿಗೆ ಉಡುಗೊರೆಯಾಗಿ ಕೊಡುವ ಪದ್ಧತಿ ಅವರದು. ಕತೆ ಕ್ರಿಸ್‌ಮಸ್ ಕಾಲದಲ್ಲಿ ನಡೆಯಬೇಕು, ಅಪರಾಧ ಇರಬೇಕು, ಕೊಂಚವಾದರೂ ಈ ಅಂಗಡಿಯೊಳಗೇ ನಡೆಯಬೇಕು ಎಂಬ ಮೂರೇ ಷರತ್ತು.

ದುಡ್ಡಿನ ವಿಷಯ. ನ್ಯೂಯಾರ್ಕ್ ನಗರದಲ್ಲಿ ಪುಸ್ತಕಕ್ಕೂ ಶೇ. 8.875 ಮಾರಾಟ ತೆರಿಗೆ ಇದೆ, ಮುಖಬೆಲೆಯ ಮೇಲೆ ಅದನ್ನು ಸೇರಿಸಿ ಲೆಕ್ಕ ಹಾಕಿ. ಗಟ್ಟಿ ರಟ್ಟಿನ ಪ್ರತಿಗಳು ಭಾರ. ಊರಿಗೆ ಒಯ್ಯುವುದಾದರೆ ಪೇಪರ್‌ಬ್ಯಾಕ್ ಕೊಳ್ಳಿ, ಭಾರವಾದವನ್ನು ಕೈಚೀಲಕ್ಕೆ ಹಾಕಿ.

ಮಧ್ಯಾಹ್ನದ ಬುತ್ತಿ ಕಟ್ಟಿಕೊಂಡು ಹೋಗಿದ್ದರೆ ಪಕ್ಕದ ಸಿಟಿ ಹಾಲ್ ಪಾರ್ಕಿನ ಬೆಂಚಿನಲ್ಲಿ ಕೂತು ತಿನ್ನಿ. ಆ ಆಸುಪಾಸು ಬರೀ ಉದ್ಯಾನವಲ್ಲ. ಪಾರ್ಕಿನ ಪೂರ್ವಕ್ಕಿರುವ ನಸಾವ್ ಸ್ಟ್ರೀಟ್‌ನಲ್ಲಿ ಮೇರಿ ರಾಜರ್ಸ್ ಎಂಬ ಯುವತಿ ತಾಯಿಯ ಜೊತೆ ಇದ್ದಳು. ಬ್ರಾಡ್‌ವೇಯ ಹೊಗೆಸೊಪ್ಪಿನ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. 1841ರ ಜುಲೈನಲ್ಲಿ ಅವಳ ಹೆಣ ಹಡ್ಸನ್ ನದಿಯಲ್ಲಿ, ಹೊಬೋಕನ್ ದಡದ ಬಳಿ ಸಿಕ್ಕಿತು. ಅದೇ ವರ್ಷ ಜಗತ್ತಿನ ಮೊದಲ ಪತ್ತೇದಾರಿ ಕತೆ ಎನಿಸಿಕೊಂಡದ್ದನ್ನು ಬರೆದಿದ್ದ ಎಡ್ಗರ್ ಆಲನ್ ಪೋ, ಈ ಸಾವನ್ನೇ ಪ್ಯಾರಿಸ್ಸಿಗೆ ಸಾಗಿಸಿ ‘ದಿ ಮಿಸ್ಟರಿ ಆಫ್ ಮಾರೀ ರೊಝೇ’ ಬರೆದ. ನಿಜದ ಕೊಲೆಯನ್ನು ಕತೆಯಲ್ಲಿ ಬಿಡಿಸಲು ಹೊರಟ ಮೊದಮೊದಲ ಪ್ರಯತ್ನ ಅದು. ಮೇರಿ ಹೇಗೆ ಸತ್ತಳೆಂಬುದು ಮಾತ್ರ ಇವತ್ತಿಗೂ ತೀರ್ಮಾನವಾಗಿಲ್ಲ. ಪೋನ ಆ ಕತೆ ಇರುವ ಸಂಕಲನವೊಂದನ್ನು ಅಂಗಡಿಯಲ್ಲಿ ಕೊಂಡೇ ಪಾರ್ಕಿಗೆ ಹೋಗಿ.

ಕೊನೆಯದಾಗಿ ಒಂದು ಕೋರಿಕೆ. ಅಂಗಡಿಯವರು ಅರ್ಧ ಗಂಟೆ ಜೊತೆಗಿದ್ದು ಆರಿಸಿಕೊಟ್ಟ ಪುಸ್ತಕದ ಮುಖಪುಟವನ್ನು ಫೋನಿನಲ್ಲಿ ಫೋಟೋ ಹಿಡಿದು, ಮನೆಗೆ ಬಂದು ಆನ್‌ಲೈನಿನಲ್ಲಿ ಎರಡು ಡಾಲರ್ ಕಡಿಮೆಗೆ ತರಿಸಬೇಡಿ. ಅವರು ಹೇಳಿದ್ದರಲ್ಲಿ ಒಂದನ್ನಾದರೂ ಅಲ್ಲೇ ದುಡ್ಡು ಕೊಟ್ಟು ಕೊಳ್ಳಿ.